ಅನುದಾನದ ಯೋಜನೆಗೆ ಸಂವಹನ: ವಾಟ್ಸಾಪ್ ಸಾಕಾ, ಸಭೆ ಬೇಕಾ, ಗೋಡೆ ಬರಹವೇ ಮೇಲಾ?

ಅನುದಾನ ಕೇಳುವ ಅರ್ಜಿಯಲ್ಲಿ 'ಸಂವಹನ ಯೋಜನೆ' ಅಂತ ಒಂದು ಕಾಲಂ ಇರುತ್ತದೆ. ಸಣ್ಣ ಸಂಸ್ಥೆಗಳು ಸಾಮಾನ್ಯವಾಗಿ ಅದನ್ನು ಕೊನೆಯ ರಾತ್ರಿ ತುಂಬುತ್ತವೆ. ಫೇಸ್‌ಬುಕ್ ಪುಟ, ಕಿರುಚಿತ್ರ, ಕರಪತ್ರ, ಮುಕ್ತಾಯ ಸಮಾರಂಭ ಅಂತ ನಾಲ್ಕು ಸಾಲು ಬರೆದು ಕಳಿಸಿಬಿಡುತ್ತಾರೆ. ಹಣ ಬಂದು ಕೆಲಸ ಶುರುವಾದ ಮೇಲೆ ನೋಡಿದರೆ ಆ ನಾಲ್ಕೂ ಹಣ ಕೊಟ್ಟವರ ಕಣ್ಣಿಗೆ ಬೀಳಲಿ ಅಂತ ಬರೆದದ್ದು. ಊರಿನವರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು, ಯಾರು ಹೇಳಬೇಕು ಅನ್ನುವುದು ಎಲ್ಲೂ ಇರುವುದಿಲ್ಲ.

ಆ ಕಾಲಂ ತುಂಬಲು ಕೂತವರಿಗೆ ಈ ಬರಹ. ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದೇ ಉದಾಹರಣೆ ಹಿಡಿಯುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣದಲ್ಲಿ ಕೆರೆ ಹೂಳು ತೆಗೆಸುವ ಕೆಲಸ ನಡೆಯುತ್ತಲೇ ಇರುತ್ತದೆ. ಒಂದು ಕೆರೆ, ಅಚ್ಚುಕಟ್ಟಿನಲ್ಲಿ ಎರಡು ಮೂರು ಹಳ್ಳಿ, ಸಂಸ್ಥೆಯಲ್ಲಿ ನಾಲ್ಕೈದು ಜನ ಸಿಬ್ಬಂದಿ ಅಂದುಕೊಳ್ಳಿ. ನಿಮ್ಮದು ಶಾಲೆಯ ಯೋಜನೆಯೋ ಆರೋಗ್ಯದ್ದೋ ಆಗಿದ್ದರೂ ಲೆಕ್ಕಾಚಾರ ಹೆಚ್ಚು ಕಡಿಮೆ ಇದೇ.

ಹೂಳೆತ್ತುವ ಕೆಲಸ ಜೆಸಿಬಿಗೆ ಡೀಸೆಲ್ ಇಲ್ಲದೆ ನಿಲ್ಲುವುದು ಕಡಿಮೆ. 'ನಮ್ಮ ಹೊಲಕ್ಕೆ ಬರಬೇಕಾದ ಮಣ್ಣೆಲ್ಲ ಇಟ್ಟಿಗೆ ಗೂಡಿಗೆ ಹೋಗ್ತಿದೆಯಂತೆ' ಅನ್ನುವ ಒಂದು ಮಾತಿಗೆ ನಿಲ್ಲುವುದು ಜಾಸ್ತಿ. ಹಾಗಾಗಿ ಯಾವ ಸಾಧನ ಎಷ್ಟು ಜನಕ್ಕೆ ತಲುಪುತ್ತದೆ ಅನ್ನುವುದನ್ನು ನಾನು ಎರಡನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳುತ್ತೇನೆ. ಕೇಳಿಸಿಕೊಂಡವರು ತಿರುಗಿ ಪ್ರಶ್ನೆ ಕೇಳಬಹುದಾ, ಕೇಳಿದರೆ ಉತ್ತರ ಕೊಡಲು ಒಬ್ಬ ಮನುಷ್ಯ ಇದ್ದಾನಾ ಅನ್ನುವುದು ಮೊದಲನೆಯದು. ಕೆಳಗಿನ ಹೋಲಿಕೆಯೆಲ್ಲ ಇದೇ ಅಳತೆಯಲ್ಲಿದೆ.

ಹಣದ ಮೂಲ ನೋಡಿ ಶುರು ಮಾಡಿ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಡೆಯುತ್ತಿರುವ ಯೋಜನೆಯ ಹಣ ಉಳಿದರೆ ಮುಂದಿನ 30 ದಿನದೊಳಗೆ ಅದನ್ನು ಬೇರೆ ಖಾತೆಗೆ ಹಾಕಬೇಕು. ಅದಕ್ಕೇ ಜನವರಿ ಬರುತ್ತಿದ್ದಂತೆ ಕಂಪನಿಗಳ ಕಡೆಯಿಂದ ಅವಸರ ಶುರುವಾಗುತ್ತದೆ. ಇತ್ತ ಕೆರೆಗೂ ಒಂದು ಗಡುವಿದೆ. ನೀರು ಇಳಿದು ಒಡಲು ಒಣಗಿದ ಮೇಲೆ, ಮುಂಗಾರು ಬೀಳುವ ಮೊದಲು ಹೂಳು ತೆಗೆಯಬೇಕು. ಹಣ ಕೈಗೆ ಬಂದ ಮೇಲೆ ಊರಿನವರ ಜೊತೆ ಮಾತು ಶುರು ಮಾಡುತ್ತೇವೆ ಅಂದರೆ ಸಮಯವೇ ಇರುವುದಿಲ್ಲ. ಮೊದಲ ಸುತ್ತಿನ ಸಭೆಗಳು ಅರ್ಜಿ ಹಾಕಿದ ತಿಂಗಳುಗಳಲ್ಲೇ ಆಗಿರಬೇಕು. ಆ ಖರ್ಚು ಸಂಸ್ಥೆಯ ಜೇಬಿನಿಂದಲೇ ಹೋಗುತ್ತದೆ, ಬೇರೆ ದಾರಿ ಇಲ್ಲ.

ವಿದೇಶಿ ದೇಣಿಗೆಯ ಲೆಕ್ಕ ಬೇರೆ. 2020ರ ತಿದ್ದುಪಡಿ ಆದ ಮೇಲೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಬರುವ, ಅಂದರೆ ಎಫ್‌ಸಿಆರ್‌ಎ ಹಣದಲ್ಲಿ ಆಡಳಿತ ವೆಚ್ಚಕ್ಕೆ ಶೇ. 20ರ ಮಿತಿ ಇದೆ, ಮೊದಲು 50 ಇತ್ತು. ಫೋನು, ಅಂಚೆ, ಮುದ್ರಣ, ಓಡಾಟ, ವರದಿ ಬರೆದು ಸಲ್ಲಿಸುವ ಖರ್ಚು ಎಲ್ಲವೂ ನಿಯಮಗಳಲ್ಲಿ ಆಡಳಿತ ವೆಚ್ಚದ ಪಟ್ಟಿಯಲ್ಲಿವೆ. ಬಜೆಟ್‌ನಲ್ಲಿ 'ಸಂವಹನ, ಒಟ್ಟು ಇಷ್ಟು' ಅಂತ ಒಂದೇ ಗೆರೆ ಎಳೆದರೆ ಅದು ಸೀದಾ ಆ ಪಟ್ಟಿಗೆ ಬೀಳಬಹುದು. 'ಹಳ್ಳಿ ಸಭೆ ಇಷ್ಟು, ಮಾಹಿತಿ ಗೋಡೆ ಬರಹ ಇಷ್ಟು ಕಡೆ, ರೈತರ ತರಬೇತಿ ಇಷ್ಟು' ಅಂತ ಯೋಜನೆಯ ಚಟುವಟಿಕೆಯಾಗಿ ಬಿಡಿಸಿ ಬರೆದರೆ ಅದು ಕಾರ್ಯಕ್ರಮದ ಖರ್ಚು ಅಂತ ವಾದಿಸಲು ದಾರಿ ಇರುತ್ತದೆ. ಅರ್ಜಿ ಹೋಗುವ ಮೊದಲೇ ಆಡಿಟರ್ ಹತ್ತಿರ ಒಂದು ಮಾತು ಕೇಳಿ. ಇನ್ನೊಂದು ವಿಷಯ: ಸುದ್ದಿ ಪತ್ರಿಕೆ, ಸುದ್ದಿ ವಾಹಿನಿ ನಡೆಸುವವರು ವಿದೇಶಿ ದೇಣಿಗೆ ಪಡೆಯುವಂತಿಲ್ಲ ಅಂತ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಸಂಸ್ಥೆಯ ವಾರ್ತಾಪತ್ರದಲ್ಲಿ ರಾಜಕೀಯ ಬೆಳವಣಿಗೆ, ತಾಲೂಕಿನ ಸುದ್ದಿ ಹಾಕುವ ಉಮೇದು ಇದ್ದರೆ ಅಲ್ಲೇ ತಡೆಯಿರಿ.

ಬಿಡಿಸಿ ಬರೆಯುವುದರಲ್ಲಿ ಇನ್ನೊಂದು ಲಾಭ ಇದೆ. ಬಜೆಟ್ ಕಡಿಮೆ ಮಾಡಿ ಅಂತ ಕಂಪನಿಯವರು ಹೇಳಿದಾಗ ಮೊದಲು ಕತ್ತರಿ ಬೀಳುವುದು 'ಸಂವಹನ' ಅನ್ನುವ ಪದ ಇರುವ ಗೆರೆಗೆ. 'ಹೂಳು ಹಂಚಿಕೆ ಸಭೆ' ಅಂತ ಇದ್ದರೆ ಅದನ್ನು ತೆಗೆಯಲು ಅವರಿಗೂ ಕೈ ಬರುವುದಿಲ್ಲ.

ಊರಿಗೆ ಹೇಳುವ ದಾರಿಗಳು

ಗ್ರಾಮಸಭೆಯಿಂದ ಶುರು ಮಾಡೋಣ. ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಬೇಕು. ಅಲ್ಲಿ ನಿಮ್ಮ ಯೋಜನೆ ನಡಾವಳಿ ಪುಸ್ತಕದಲ್ಲಿ ದಾಖಲಾದರೆ ಆ ಕಾಗದಕ್ಕೆ ಬೆಲೆ ಇದೆ. ನಾಳೆ ಯಾರಾದರೂ 'ನಮಗೆ ಹೇಳಲೇ ಇಲ್ಲ' ಅಂದರೆ ತೋರಿಸಬಹುದು. ಆದರೆ ಅಲ್ಲಿ ಮನೆ, ಚರಂಡಿ, ಬೀದಿ ದೀಪದ ಗಲಾಟೆ ನಡುವೆ ನಿಮಗೆ ಸಿಗುವುದು ಹತ್ತು ನಿಮಿಷ. ಹೂಳು ಯಾರ ಹೊಲಕ್ಕೆ, ಟ್ರಾಕ್ಟರ್ ಬಾಡಿಗೆ ಯಾರದ್ದು, ಒತ್ತುವರಿ ಸರ್ವೆ ಆಗಿದೆಯಾ, ಮೀನು ಹರಾಜು ಹಿಡಿದವನ ಗತಿ ಏನು ಅನ್ನುವ ಪ್ರಶ್ನೆಗಳು ಅಲ್ಲಿ ಹೊರಗೆ ಬರುವುದಿಲ್ಲ.

ಅವು ಬರುವುದು ಬೀದಿ ಸಭೆಯಲ್ಲಿ. ಅರಳಿಕಟ್ಟೆ ಹತ್ತಿರ ಒಂದು, ಕಾಲೋನಿಯಲ್ಲಿ ಒಂದು, ಕೆರೆ ಹಿಂದಿನ ಹಳ್ಳಿಯಲ್ಲಿ ಒಂದು. ಒಂದೇ ಕಡೆ ಸಭೆ ಕರೆದು ಎಲ್ಲರೂ ಅಲ್ಲಿಗೇ ಬನ್ನಿ ಅಂದರೆ ಕೆಲವರು ಬರುವುದಿಲ್ಲ, ಬಂದರೂ ಹಿಂದೆ ನಿಂತು ಕೇಳಿಕೊಂಡು ಹೋಗುತ್ತಾರೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಕೋಲಾರದ ಕಡೆಯಾದರೆ 'ಕೆ.ಸಿ. ವ್ಯಾಲಿ ನೀರು ಬಿಡೋಕೆ ತಾನೇ ಹೂಳು ತೆಗೀತಿರೋದು?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಆ ಯೋಜನೆ 2018ರಲ್ಲಿ ಶುರುವಾದಾಗ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದು, ವಿಷಯ ಕೋರ್ಟಿಗೆ ಹೋದದ್ದು ಜನ ಮರೆತಿಲ್ಲ. ಇಂಥ ಪ್ರಶ್ನೆಗೆ ಕರಪತ್ರ ಉತ್ತರ ಕೊಡುವುದಿಲ್ಲ. ಹೌದೋ ಅಲ್ಲವೋ ಎದುರು ನಿಂತು ಹೇಳಬೇಕು.

ಹೆಂಗಸರಿಗೆ ಬೇರೆ ಸಭೆ ಕರೆಯುವ ಬದಲು ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹೋಗಿ ಸಮಯ ಕೇಳಿಕೊಳ್ಳುವುದು ಸುಲಭ. ಅವರು ಹೇಗೂ ಸೇರುತ್ತಾರೆ, ಲೆಕ್ಕ ಬರೆಯುತ್ತಾರೆ, ಮಾತಾಡುತ್ತಾರೆ. ನೀವು ಅವರ ಚಾಪೆಯ ಮೇಲೆ ಕೂತರೆ ಆಯಿತು.

ಇನ್ನು ನನ್ನ ಮೆಚ್ಚಿನ ಜಾಗ: ಹಾಲಿನ ಡೈರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹಸು ಇರುವ ಮನೆಯಿಂದ ಒಬ್ಬರು ಕ್ಯಾನ್ ಹಿಡಿದು ಬಂದು ಸಾಲಲ್ಲಿ ನಿಲ್ಲುತ್ತಾರೆ. ಅಲ್ಲಿ ಒಂದು ಕರಿಹಲಗೆ ತೂಗುಹಾಕಿ, ದಿನಾ ಸಂಜೆ 'ಇವತ್ತು ಹೋದ ಲೋಡು ಎಷ್ಟು, ಯಾವ ಬೀದಿಯವರಿಗೆ, ನಾಳೆ ಯಾರ ಸರದಿ' ಅಂತ ಮೂರು ಸಾಲು ಬರೆದರೆ ಇಟ್ಟಿಗೆ ಗೂಡಿನ ಗುಮಾನಿ ಅರ್ಧ ಕಡಿಮೆಯಾಗುತ್ತದೆ. ಖರ್ಚು ಅಂದರೆ ಸೀಮೆಸುಣ್ಣ. ಡೈರಿ ಸೆಕ್ರೆಟರಿ ಒಪ್ಪಬೇಕು, ದಿನಾ ಬರೆಯಲು ಒಬ್ಬರು ಇರಬೇಕು. ಎರಡನೆಯದೇ ಕಷ್ಟ. ಎರಡು ದಿನ ಬರೆಯದೆ ಬಿಟ್ಟರೆ 'ಲೆಕ್ಕ ಮುಚ್ಚಿಟ್ಟರು' ಅಂತ ಹೊಸ ಗುಮಾನಿ ಹುಟ್ಟುತ್ತದೆ.

ಗೋಡೆ ಬರಹವಾ, ಫ್ಲೆಕ್ಸಾ? ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ಕರ್ನಾಟಕದಲ್ಲಿ 2016ರಿಂದ ನಿಷೇಧ ಇದೆ. ಕದ್ದು ಮುಚ್ಚಿ ಹಾಕಿದರೂ ಎರಡು ವಾರದಲ್ಲಿ ಅದು ಯಾರದ್ದೋ ಹುಲ್ಲಿನ ಮೆದೆಗೆ ಹೊದಿಕೆ ಆಗಿರುತ್ತದೆ. ನರೇಗಾ ಕಾಮಗಾರಿ ನಡೆದ ಕಡೆ ನಾಗರಿಕ ಮಾಹಿತಿ ಫಲಕ ನೋಡಿರುತ್ತೀರಿ ಅಲ್ವಾ, ಅದೇ ಮಾದರಿ ಸಾಕು. ಕೆಲಸದ ಹೆಸರು, ಹಣ ಯಾರದ್ದು, ಮೊತ್ತ ಎಷ್ಟು, ಶುರು ಯಾವಾಗ, ಮುಗಿಯುವುದು ಯಾವಾಗ, ದೂರಿದ್ದರೆ ಯಾವ ನಂಬರ್. ಮೊತ್ತ ಬರೆಯಲು ಸಂಸ್ಥೆಗಳು ಹೆದರುತ್ತವೆ. ಬರೆಯದಿದ್ದರೆ ಜನ ತಾವೇ ಒಂದು ಮೊತ್ತ ಊಹಿಸುತ್ತಾರೆ, ಅದು ನಿಜವಾದದ್ದಕ್ಕಿಂತ ಯಾವಾಗಲೂ ದೊಡ್ಡದು.

ನಾಳೆಯೇ ಸಭೆ ಅಂತ ತುರ್ತಾಗಿ ತಿಳಿಸಬೇಕಾದರೆ ಮೈಕ್ ಕಟ್ಟಿದ ಆಟೋ. ತಮಟೆ ಬಾರಿಸಿ ಸಾರಿಸುವ ಪದ್ಧತಿ ಇನ್ನೂ ಕೆಲವು ಕಡೆ ಇದೆ, 'ನಮ್ಮ ಸಂಸ್ಕೃತಿ' ಅಂತ ಯೋಜನೆಯವರು ಅದನ್ನು ಖುಷಿಯಿಂದ ಬರೆದುಕೊಳ್ಳುತ್ತಾರೆ. ಆ ಕೆಲಸವನ್ನು ಬಿಟ್ಟಿ ಚಾಕರಿಯಾಗಿ ತಲೆಮಾರುಗಟ್ಟಲೆ ಯಾರ ಹೆಗಲಿಗೆ ಹೊರಿಸಿದ್ದರು ಅಂತ ಗೊತ್ತಿದ್ದರೆ ಈ ಉಮೇದು ಇಳಿಯುತ್ತದೆ. ಎಷ್ಟೋ ಊರಲ್ಲಿ ಹುಡುಗರು ಅದನ್ನು ಬಿಟ್ಟಿದ್ದಾರೆ, ಬಿಟ್ಟದ್ದು ಸರಿ. ಆಟೋ ತರಿಸಿ.

ಫೋನಿನಲ್ಲಿ ಹೇಳುವುದಾದರೆ

ವಾಟ್ಸಾಪ್ ಗ್ರೂಪ್ ಎಲ್ಲರಿಗೂ ಮೊದಲು ನೆನಪಾಗುವ ದಾರಿ. 1024 ಜನರವರೆಗೆ ಸೇರಿಸಬಹುದು, ಖರ್ಚಿಲ್ಲ, ಫೋಟೋ ಹೋಗುತ್ತದೆ. ತೊಂದರೆ ಏನಂದರೆ ಮೂರನೇ ದಿನದಿಂದ ಗುಡ್ ಮಾರ್ನಿಂಗ್, ಹತ್ತನೇ ದಿನದಿಂದ ಪಕ್ಷದ ವಿಡಿಯೋ. ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಿದರೆ ಗಲಾಟೆ ನಿಲ್ಲುತ್ತದೆ, ಪ್ರಶ್ನೆಯೂ ನಿಲ್ಲುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಒಂದು ಪಟ್ಟಿಗೆ 256 ಜನ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಚಾನೆಲ್‌ನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಹೆಣ್ಣುಮಕ್ಕಳಿಗೆ ಅದು ಒಳ್ಳೆಯದು. ಆದರೆ ಅದೂ ಒಂದೇ ಕಡೆಯ ಮಾತು. ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದದ್ದು, ಮನೆಯ ಸ್ಮಾರ್ಟ್‌ಫೋನ್ ಮಗನ ಕೈಲಿರುತ್ತದೆ. ಜಮೀನು ನೋಡಿಕೊಳ್ಳುವವರ ಕೈಲಿ ಕೀಪ್ಯಾಡ್ ಫೋನ್ ಇರುತ್ತದೆ. ಹಾಗಾಗಿ ವಾಟ್ಸಾಪನ್ನು ಇಡೀ ಊರಿಗೆ ಅಂತ ಇಟ್ಟುಕೊಳ್ಳದೆ, ಕೆರೆ ಸಂಘದ ಪದಾಧಿಕಾರಿಗಳು, ಪಂಚಾಯಿತಿ ಸದಸ್ಯರು, ಟ್ರಾಕ್ಟರ್‌ನವರು, ನಿಮ್ಮ ಸಿಬ್ಬಂದಿ ಇಷ್ಟೇ ಜನರ ಸಣ್ಣ ಗುಂಪಾಗಿ ಇಡಿ.

ಕೀಪ್ಯಾಡ್ ಫೋನಿಗೆ ಎಸ್‌ಎಂಎಸ್ ಕಳಿಸೋಣ ಅನಿಸುತ್ತದೆ. ಇಲ್ಲಿ ಕನ್ನಡಕ್ಕೆ ಒಂದು ಪೆಟ್ಟು ಬೀಳುತ್ತದೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದರಲ್ಲೂ ಒತ್ತು, ಗುಣಿತ, ಸೊನ್ನೆ ಎಲ್ಲ ಬೇರೆ ಬೇರೆ ಎಣಿಕೆ. 'ಗ್ರಾಮ' ಅಂದರೆ ಕಣ್ಣಿಗೆ ಎರಡು ಅಕ್ಷರ, ಲೆಕ್ಕದಲ್ಲಿ ಐದು. ಈ ಸಂದೇಶ ನೋಡಿ:

'ನಾಳೆ ಬೆಳಿಗ್ಗೆ 10ಕ್ಕೆ ಅರಳಿಕಟ್ಟೆ ಬಳಿ ಕೆರೆ ಸಭೆ. ಹೂಳು ಹಂಚಿಕೆ ಬಗ್ಗೆ ತೀರ್ಮಾನ.'

ಇದು 71. ಒಂದು ಹೆಚ್ಚಾದ್ದಕ್ಕೆ ಎರಡು ಎಸ್‌ಎಂಎಸ್‌ನ ದುಡ್ಡು. ಕೊನೆಯ ಚುಕ್ಕಿ ತೆಗೆದರೆ 70, ಒಂದರಲ್ಲೇ ಹೋಗುತ್ತದೆ. ಇದಲ್ಲದೆ ಒಟ್ಟಿಗೆ ನೂರಾರು ಜನಕ್ಕೆ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಸಂಸ್ಥೆ ಹೆಸರು, ಹೆಡರ್ (ಕಳಿಸುವವರ ಗುರುತು), ಸಂದೇಶದ ನಮೂನೆ ಎಲ್ಲ ಮೊದಲೇ ನೋಂದಾಯಿಸಬೇಕು. ಒಂದು ಕೆರೆಯ ಯೋಜನೆಗೆ ಇಷ್ಟೆಲ್ಲ ತಾಪತ್ರಯ ಬೇಡ. ಹತ್ತಾರು ಹಳ್ಳಿಗಳಲ್ಲಿ ಎರಡು ಮೂರು ವರ್ಷ ಕೆಲಸ ಇದ್ದರೆ ಮಾತ್ರ ಯೋಚಿಸಿ.

ಧ್ವನಿ ಕರೆ ಇದಕ್ಕಿಂತ ಮೇಲು. ಓದಲು ಬಾರದವರಿಗೂ ತಲುಪುತ್ತದೆ, ತಿರುಗಿ ಮಾತಾಡಲೂ ಬಿಡಬಹುದು. ಛತ್ತೀಸ್‌ಗಢದ ಆದಿವಾಸಿ ಪ್ರದೇಶದಲ್ಲಿ 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ ಇದಕ್ಕೆ ಹೆಸರಾದ ಉದಾಹರಣೆ. ಜನ ಒಂದು ನಂಬರಿಗೆ ಫೋನ್ ಮಾಡಿ ತಮ್ಮ ಮಾತನ್ನು ರೆಕಾರ್ಡ್ ಮಾಡುತ್ತಿದ್ದರು, ಪರಿಶೀಲಿಸಿದ ಮೇಲೆ ಅದು ಬೇರೆಯವರಿಗೂ ಕೇಳುತ್ತಿತ್ತು. ಆ ತಂತ್ರಜ್ಞಾನ ಬೆಳೆದದ್ದು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ. ಆದರೆ ಪರಿಶೀಲಿಸುವವರ ಸಂಬಳ ನಿಮ್ಮ ಬಜೆಟ್‌ನಲ್ಲಿ ಇದೆಯಾ? ಇಲ್ಲ ಅಂದರೆ ಸುಮ್ನೆ ಒಂದು ಸಿಮ್, ಒಬ್ಬ ಮನುಷ್ಯ, 'ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಫೋನ್ ಮಾಡಿ' ಅನ್ನುವ ಒಂದು ಸಾಲು ಸಾಕು.

ರೇಡಿಯೋ ಮತ್ತು ವಿಡಿಯೋ

ಸಮುದಾಯ ರೇಡಿಯೋ ಹತ್ತಿರದಲ್ಲಿದ್ದರೆ ಅದೃಷ್ಟ. ಪ್ರಸಾರ ಸುಮಾರು 10ರಿಂದ 15 ಕಿಲೋಮೀಟರ್ ದೂರದವರೆಗೆ ಸಿಗುತ್ತದೆ, ಊರಿನ ಮಾತಲ್ಲೇ ಇರುತ್ತದೆ. ಸರಗೂರಿನ ಜನಧ್ವನಿ, ಬೆಂಗಳೂರಿನ ರೇಡಿಯೋ ಆಕ್ಟಿವ್ ನೆನಪಿಗೆ ಬರುತ್ತವೆ. ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿ ಸಿಗುವಂತಾದದ್ದು 2006ರ ನೀತಿಯಿಂದ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಕೇಬಲ್ ಮೂಲಕ ಮನೆಮನೆಗೆ ಕಾರ್ಯಕ್ರಮ ಕೇಳಿಸುತ್ತಿತ್ತು. ಆದರೆ ನಿಮ್ಮ ಕೆರೆ ಪ್ರಸಾರದ ವ್ಯಾಪ್ತಿಯೊಳಗೆ ಇಲ್ಲದಿದ್ದರೆ ಈ ಮಾತೇ ಬೇಡ. ಇದ್ದರೂ ಹೂಳು ಹಂಚಿಕೆಯ ದಿನದಿನದ ಲೆಕ್ಕಕ್ಕೆ ರೇಡಿಯೋ ಆಗಿ ಬರುವುದಿಲ್ಲ. ಹೂಳು ಹೊಲಕ್ಕೆ ಹಾಕಿದ ಮೇಲೆ ಏನು ಬೆಳೆದರು ಅಂತ ರೈತರೇ ಮಾತಾಡುವ ಕಾರ್ಯಕ್ರಮಕ್ಕೆ ಚೆನ್ನ.

ವಿಡಿಯೋದಲ್ಲಿ ಎರಡು ಜಾತಿ. ಒಂದು, ಡ್ರೋನ್ ಹಾರಿಸಿ, ಕೊಳಲು ಸಂಗೀತ ಹಾಕಿ ಮಾಡುವ ಐದು ನಿಮಿಷದ ಚಿತ್ರ. ಅದು ಕಂಪನಿಯ ವಾರ್ಷಿಕ ಸಭೆಗೆ. ಇನ್ನೊಂದು, ಪಕ್ಕದ ಊರಿನ ರೈತ ತನ್ನ ಹೊಲದಲ್ಲಿ ನಿಂತು ಮಾತಾಡಿದ್ದನ್ನು ಫೋನಿನಲ್ಲೇ ಹಿಡಿದು, ನಾಲ್ಕು ಜನ ಸೇರಿದ ಕಡೆ ಪ್ರೊಜೆಕ್ಟರ್‌ನಲ್ಲಿ ತೋರಿಸುವುದು. ಎರಡನೆಯದಕ್ಕೆ ಕರ್ನಾಟಕದ್ದೇ ಸಾಕ್ಷಿ ಇದೆ. ರೈತರ ವಿಡಿಯೋ ಮಾಡುವ ಸಂಸ್ಥೆ ಡಿಜಿಟಲ್ ಗ್ರೀನ್‌ನವರು ಬೆಂಗಳೂರಿನ ಸುತ್ತಲಿನ 16 ಹಳ್ಳಿಗಳಲ್ಲಿ ಮೊದಲು ಪ್ರಯೋಗ ಮಾಡಿದಾಗ, ಹಳೆಯ ಕೃಷಿ ವಿಸ್ತರಣಾ ಪದ್ಧತಿಗಿಂತ ಕೆಲವು ಬೇಸಾಯ ಕ್ರಮಗಳನ್ನು ರೈತರು ಏಳು ಪಟ್ಟು ಹೆಚ್ಚಾಗಿ ಅಳವಡಿಸಿಕೊಂಡರು. ಅಲ್ಲಿ ವಿಡಿಯೋ ಒಂದೇ ಕೆಲಸ ಮಾಡಲಿಲ್ಲ. ಊರಿನವರೇ ಒಬ್ಬರು ವಿಡಿಯೋ ನಿಲ್ಲಿಸಿ ನಿಲ್ಲಿಸಿ 'ಇದು ಅರ್ಥ ಆಯ್ತಾ, ನೀವು ಮಾಡ್ತೀರಾ' ಅಂತ ಕೇಳುತ್ತಿದ್ದರು. ಬಜೆಟ್‌ನಲ್ಲಿ ಒಂದೇ ವಿಡಿಯೋಗೆ ಜಾಗ ಇದ್ದರೆ ಡ್ರೋನ್ ಬಿಡಿ.

ಹಣ ಕೊಟ್ಟವರಿಗೆ

ಅವರಿಗೆ ಬೇಕಾದದ್ದು ಕಡಿಮೆ, ಆದರೆ ಸಮಯಕ್ಕೆ ಸರಿಯಾಗಿ ಬೇಕು. ದಿನಾ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವುದಕ್ಕಿಂತ ತಿಂಗಳಿಗೊಂದು ಪುಟದ ಮೇಲ್ ಒಳ್ಳೆಯದು. ಏನಾಯಿತು, ಎಷ್ಟು ಖರ್ಚಾಯಿತು, ಏನು ತಡವಾಯಿತು, ಯಾಕೆ. ದಿನಾ ಕಳಿಸಿದರೆ ದಿನಾ ಪ್ರಶ್ನೆ ಬರುತ್ತದೆ. ಫೋಟೋಗೆ ಒಂದೇ ನಿಯಮ: ಏರಿಯ ಮೇಲೆ ಒಂದು ಜಾಗ ಗುರುತು ಮಾಡಿ, ಶುರುವಿನಿಂದ ಕೊನೆವರೆಗೆ ಅಲ್ಲೇ ನಿಂತು, ಜಿಪಿಎಸ್ ಮುದ್ರೆ ಬೀಳುವ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆಯಿರಿ. ಸರ್ಕಾರದ ಅನುದಾನ ಆದರೆ ಕಥೆ, ಫೋಟೋಗಿಂತ ಬಳಕೆ ಪ್ರಮಾಣಪತ್ರ ಮುಖ್ಯ. ಕೇಂದ್ರದ ಹಣಕ್ಕೆ ಅದು ಸಾಮಾನ್ಯ ಹಣಕಾಸು ನಿಯಮಗಳ, ಅಂದರೆ ಜಿಎಫ್‌ಆರ್ 12-ಎ ನಮೂನೆ.

ಒಂದೇ ವಿಷಯವನ್ನು ಇಬ್ಬರಿಗೂ ಒಂದೇ ಲೆಕ್ಕದಲ್ಲಿ ಹೇಳಲು ಆಗುವುದಿಲ್ಲ. ಕಂಪನಿಗೆ 10,000 ಘನ ಮೀಟರ್ ಹೂಳು ತೆಗೆದೆವು, ಕೆರೆಯಲ್ಲಿ 1 ಕೋಟಿ ಲೀಟರ್ ನೀರಿಗೆ ಹೊಸದಾಗಿ ಜಾಗ ಆಯಿತು ಅಂದರೆ ಅರ್ಥ ಆಗುತ್ತದೆ. ಊರಿನವರಿಗೆ ಎಷ್ಟು ಲೋಡು ಅಂತ ಹೇಳಬೇಕು. ಕೋಟಿ ಲೀಟರ್ ಅಂದಾಗ ಎಚ್ಚರ ಇರಲಿ. ಅದು ಜಾಗ, ನೀರಲ್ಲ. '1 ಕೋಟಿ ಲೀಟರ್ ನೀರು ಕೊಟ್ಟೆವು' ಅಂತ ಕಂಪನಿಯ ಪ್ರಕಟಣೆಯಲ್ಲಿ ಬಂದು, ಆ ವರ್ಷ ಮಳೆ ಕೈಕೊಟ್ಟರೆ ಖಾಲಿ ಕೆರೆಯ ಏರಿಯ ಮೇಲೆ ನಿಂತು ಉತ್ತರ ಹೇಳುವವರು ನೀವು.

ಇಲಾಖೆಯನ್ನು ಮರೆಯಬೇಡಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆ ಪಂಚಾಯತ್ ವ್ಯವಸ್ಥೆಯ ಕೆಳಗೆ, 40ರಿಂದ 2000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಗೆ. ಅವರಿಗೆ ಹೋಗುವ ಪತ್ರವೆಲ್ಲ ಕಾಗದದಲ್ಲೇ ಇರಲಿ. ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ. ಅಲ್ಲಿ ವಾಟ್ಸಾಪ್ ಲೆಕ್ಕಕ್ಕಿಲ್ಲ.

ಹೊರಗಿನವರಿಗೆ

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಪತ್ರಿಕೆ. ಮೂರರಲ್ಲಿ ಒಂದೇ ಆರಿಸಿ ಅಂದರೆ ನಾನು ಜಿಲ್ಲಾ ಪುಟದ ವರದಿಗಾರರನ್ನು ಕೆಲಸ ನಡೆಯುವಾಗಲೇ ಕರೆಯುವುದಕ್ಕೆ ಓಟು ಹಾಕುತ್ತೇನೆ. ಉದ್ಘಾಟನೆಗೆ ಕರೆದರೆ ವೇದಿಕೆಯ ಮೇಲಿದ್ದವರ ಹೆಸರಷ್ಟೇ ಅಚ್ಚಾಗುತ್ತದೆ. ಮಕ್ಕಳ ಫೋಟೋ ಹಾಕುವ ಮೊದಲು ತಂದೆ ತಾಯಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ.

ಯಾರು ಮಾಡಬೇಕು

ಬೆಂಗಳೂರಿನ ಏಜೆನ್ಸಿಯಾ, ಇರುವ ಕ್ಷೇತ್ರ ಸಿಬ್ಬಂದಿಯಾ, ಊರಿನದೇ ಒಬ್ಬ ಹುಡುಗ ಅಥವಾ ಹುಡುಗಿಯಾ? ಏಜೆನ್ಸಿಯವರ ಕೆಲಸ ಚಂದ, ಆದರೆ ಸಂಜೆ ಆರಕ್ಕೆ ಡೈರಿ ಹಲಗೆ ಬರೆಯಲು ಅವರು ಬರುವುದಿಲ್ಲ. ಕ್ಷೇತ್ರ ಸಿಬ್ಬಂದಿಗೆ ಊರು ಗೊತ್ತು, ಆದರೆ ಜೆಸಿಬಿ ಗಂಟೆ ಲೆಕ್ಕ, ಟ್ರಾಕ್ಟರ್ ಸರದಿ, ಜಗಳ ಎಲ್ಲ ಅವರ ತಲೆಯ ಮೇಲೇ. ಬರೆಯುವುದು ಕೊನೆಗೆ ಉಳಿಯುತ್ತದೆ. ಡಿಗ್ರಿ ಮುಗಿಸಿ ಊರಲ್ಲೇ ಇರುವ ಒಬ್ಬರನ್ನು ಕೆಲಸ ನಡೆಯುವ ತಿಂಗಳುಗಳಿಗೆ ಅರ್ಧ ದಿನದ ಸಂಬಳಕ್ಕೆ ಇಟ್ಟುಕೊಳ್ಳಿ. ಹಲಗೆ, ಫೋನು, ಫೋಟೋ ಈ ಮೂರೂ ಅವರದ್ದು. ಗಂಡಸರು ಹೆಂಗಸರು ಇಬ್ಬರೂ ಸಲೀಸಾಗಿ ಮಾತಾಡಿಸುವಂಥವರನ್ನು ನೋಡಿ. ಊರಿನ ಎರಡು ಪಾರ್ಟಿಗಳಲ್ಲಿ ಒಂದಕ್ಕೆ ಅಂಟಿಕೊಂಡವರು ಬೇಡ.

ಒಟ್ಟು ಹಣ ತೀರಾ ಕಡಿಮೆ ಇದ್ದರೆ ಬೀದಿ ಸಭೆ, ಡೈರಿ ಹಲಗೆ, ಒಂದು ಗೋಡೆ ಬರಹ, ಒಂದು ಫೋನ್ ನಂಬರ್. ಸ್ವಲ್ಪ ಜಾಸ್ತಿ ಇದ್ದರೆ ಇದಕ್ಕೆ ಊರಿನ ಸಹಾಯಕರ ಸಂಬಳ, ಆಮೇಲೆ ರೈತರ ವಿಡಿಯೋ. ಫೇಸ್‌ಬುಕ್ ಪುಟ ಇಷ್ಟೆಲ್ಲ ಆದ ಮೇಲೆ.

ಆ ಫೋನ್ ನಂಬರಿನ ಸಿಮ್ ಯಾರ ಹೆಸರಲ್ಲಿದೆ ಅಂತ ಮೊದಲ ದಿನವೇ ನೋಡಿಕೊಳ್ಳಿ. ಸಿಬ್ಬಂದಿಯ ಸ್ವಂತ ನಂಬರ್ ಗೋಡೆಯ ಮೇಲೆ ಬರೆಸಿದರೆ, ಅವರು ಕೆಲಸ ಬಿಟ್ಟು ಹೋದ ಮೇಲೂ ತೂಬಿನಲ್ಲಿ ನೀರು ಸೋರುತ್ತಿದೆ ಅಂತ ಅವರಿಗೇ ಕರೆ ಹೋಗುತ್ತಿರುತ್ತದೆ. ಸಿಮ್ ಸಂಸ್ಥೆಯ ಹೆಸರಲ್ಲಿ ತೆಗೆದು, ಯೋಜನೆ ಮುಗಿಯುವಾಗ ಗೋಡೆಯ ಮೇಲೆ ಕೆರೆ ಸಂಘದ ಕಾರ್ಯದರ್ಶಿಯ ನಂಬರ್ ಬರೆಸಿ. ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಅವರನ್ನೇ ಮಾಡಿ. ಬಣ್ಣದವನಿಗೆ ಕೊಡುವ ಆ ಎರಡನೇ ಸಲದ ಕೂಲಿಯನ್ನು ಬಜೆಟ್‌ನಲ್ಲಿ ಈಗಲೇ ಬರೆದಿಡಿ.